ಕಲ್ಲಿನ ಹೋರಿಗೆ ವಲ್ಲಿ ಹಾಕಿದ ಮಾವ

ನಮ್ಮ ಸೋದರಮಾವನಿಗೆ ಮನುಷ್ಯರ ಗುರುತು ಸಿಗುತ್ತಿರಲಿಲ್ಲ. ಕಣ್ಣಿನ ದೋಷವೇ ಎಂದು ಕೇಳಬೇಡಿ. ಬಾಗೂರಿನ ಸಂತೆಯ ಈ ತುದಿಯಲ್ಲಿ ನಿಂತು ಆ ತುದಿಯ ಎತ್ತಿನ ವಯಸ್ಸು ಹೇಳಬಲ್ಲ ಕಣ್ಣು ಅದು! ಮನುಷ್ಯರನ್ನು ನೋಡಲು ಅದಕ್ಕೆ ಪುರುಸೊತ್ತಿರಲಿಲ್ಲ, ಅಷ್ಟೇ. ನಾನು ಅವನ ಒಡಹುಟ್ಟಿದ ಅಕ್ಕನ ಮಗ. ಹೊಳೆನರಸೀಪುರದಲ್ಲಿ ವಕೀಲರೊಬ್ಬರ ಗುಮಾಸ್ತನಾಗಿದ್ದೆ. ರಜೆಯಲ್ಲಿ ಚನ್ನರಾಯಪಟ್ಟಣದ ಪಕ್ಕದ ಅವನ ಹಳ್ಳಿಗೆ ಹೋದರೆ ಜಗಲಿಯ ಮೇಲಿಂದ ನನ್ನನ್ನು ದಿಟ್ಟಿಸಿ, "ಯಾರಪ್ಪ?" ಅನ್ನುತ್ತಿದ್ದ. "ನಾನು ಮಾವ" ಎಂದರೆ ಸಾಲದು. "ಬಲಗೊಂಬು ಮುರಿದ ಬಿಳಿ ಎತ್ತಿನ ಮನೆಯವನು" ಎನ್ನಬೇಕು.

"ಅಂಗೇಳು ಮತ್ತೆ. ಬಾ, ಬಾ. ಎಂಗದೆ ಕೊಂಬು?"

ನಮ್ಮಮ್ಮ ಹೇಗಿದ್ದಾಳೆ ಎಂದು ಅವನು ಕೇಳಿದ್ದನ್ನು ನಾನು ಕಾಣೆ.

ಅತ್ತೆ ಅರಕಲಗೂಡಿನ ಕಡೆಯವಳು. ಹೆಣ್ಣು ನೋಡಲು ಮಾವ ಬಂದ ಕಥೆಯನ್ನು ಅವಳ ಬಾಯಲ್ಲೇ ಕೇಳಬೇಕು. "ನಿಮ್ಮಾವ ನನ್ನ ನೋಡಿ ಒಪ್ದ ಅಂತ ಊರೆಲ್ಲ ಅಂದ್ಕೊಂಡದೆ ಕಣಪ್ಪ. ಬಂದೋನು ಸೀದಾ ಕೊಟ್ಟಿಗೆಗೆ ಓದ. ಅಲ್ಲಿಂದ ಈಚೆಗೆ ಬಂದು ಒಪ್ಗೆ ಅಂದ. ನಾನಿನ್ನೂ ಒಳಗೆ ಸೀರೆ ಉಡ್ತಿದ್ದೆ."

ಮಾವನೇನು ನಾಚಿಕೊಳ್ಳುವ ಆಸಾಮಿಯೇ? "ಕೊಟ್ಟಿಗೆ ಅಂಗೆ ಒಪ್ಪವಾಗಿ ಮಡಗಿರೋರು ಮಗಳನ್ನ ಎಂಗೆ ಬೆಳ್ಸಿರ್ತಾರೆ ಅಂತ ಬ್ಯಾರೆ ನೋಡ್ಬೇಕಾ?" ಅನ್ನುತ್ತಿದ್ದ. ಅತ್ತೆ ಇದನ್ನು ಹೊಗಳಿಕೆ ಎಂದುಕೊಳ್ಳಬೇಕೋ ಬೈಗುಳ ಎಂದುಕೊಳ್ಳಬೇಕೋ ತಿಳಿಯದೆ ಸಂಸಾರ ಮಾಡಿಕೊಂಡಿದ್ದಳು.

ಇಂಥ ಮಾವನ ಕೊಟ್ಟಿಗೆಯಲ್ಲಿ ಚೆನ್ನ ಎಂಬ ಹೋರಿ ಇತ್ತು. ಹುಟ್ಟಿದಾಗಲೇ ತಾಯಿ ಸತ್ತದ್ದು. ಮಾವನೇ ಬಟ್ಟೆಯ ಬತ್ತಿಯನ್ನು ಹಾಲಿಗೆ ಅದ್ದಿ ಚೀಪಿಸಿ ಉಳಿಸಿಕೊಂಡಿದ್ದ. ಬೂದು ಮೈ, ಬೆನ್ನ ಮೇಲೆ ಎತ್ತರದ ಹಿಣಿಲು, ಹಿಂದಕ್ಕೆ ಬಾಗಿದ ಕೊಂಬು. ದಿನವೂ ಮಾವ ತಟ್ಟೆ ಹಿಡಿದುಕೊಂಡು ಕೊಟ್ಟಿಗೆಗೆ ಹೋಗಿ ಚೆನ್ನನ ಎದುರಿಗೆ ಕೂತು ಉಣ್ಣುತ್ತಿದ್ದ. ಅವನು ಮುದ್ದೆ ಮುರಿದರೆ ಅದು ಹುಲ್ಲಿಗೆ ಬಾಯಿ ಹಾಕುವುದು. ಕೆಲವರು ಊಟದ ಹೊತ್ತಿನಲ್ಲಿ ಪೇಪರ್ ಓದುತ್ತಾರೆ, ನಮ್ಮ ಮಾವ ಹೋರಿಯ ಜೊತೆ ಮಾತಾಡುತ್ತಿದ್ದ.

ಮೂವತ್ತರ ದಶಕದ ಕೊನೆಯ ಹೊತ್ತು. ಕಾಫಿ ತೋಟದ ಇಂಗ್ಲಿಷ್ ದೊರೆಯೊಬ್ಬ ಚೆನ್ನನನ್ನು ನೋಡಿ ಮರುಳಾದ. ಸೈಪ್ರಸ್ ಎಂಬ ದ್ವೀಪದಲ್ಲಿ ಅವನ ಭಾವಮೈದುನನಿಗೆ ದೊಡ್ಡ ಬೇಸಾಯವಿತ್ತು. ಅಲ್ಲಿಗೆ ತಳಿಗೆಂದು ಈ ಹೋರಿಯೇ ಬೇಕೆಂದು ಹಟ ಹಿಡಿದ. ಮಾವನಿಗೆ ಕೊಡುವ ಮನಸ್ಸು ಎಳ್ಳಷ್ಟೂ ಇಲ್ಲ. ಆದರೆ ಮನೆ ಬಾಗಿಲಿಗೆ ಬಂದವನಿಗೆ ಇಲ್ಲ ಎನ್ನುವುದು ಹೇಗೆ? ಕೇಳಿದವನು ಓಡಿಹೋಗುವಂಥ ಬೆಲೆ ಹೇಳಿದರಾಯಿತು ಎಂದುಕೊಂಡ. ನಮ್ಮ ಕಡೆ ದನದ ಬೆಲೆಯನ್ನು ಬಾಯಲ್ಲಿ ಹೇಳುವುದಿಲ್ಲ. ಹೆಗಲ ಮೇಲಿನ ವಲ್ಲಿಯನ್ನು ಕೈ ಮೇಲೆ ಹೊದಿಸಿ, ಅದರ ಮರೆಯಲ್ಲಿ ಬೆರಳು ಹಿಡಿದು ಹೇಳುತ್ತಾರೆ. ಬೆರಳಿಗೊಂದು ಲೆಕ್ಕ. ಇಡೀ ಕೈ ಹಿಡಿದು ಅಲ್ಲಾಡಿಸಿದರೆ ವ್ಯಾಪಾರ ಮುಗಿದ ಹಾಗೆ. ಮಾವ ವಲ್ಲಿ ಹೊದಿಸಿ ಕೈ ಚಾಚಿದ. ದೊರೆಗೆ ಬೆರಳ ಲೆಕ್ಕ ಏನು ಗೊತ್ತು? ಚಾಚಿದ ಕೈ ಕಂಡರೆ ಇಂಗ್ಲಿಷರು ಏನು ಮಾಡುತ್ತಾರೋ ಅದನ್ನೇ ಮಾಡಿದ. ಗಟ್ಟಿಯಾಗಿ ಹಿಡಿದು ಚೆನ್ನಾಗಿ ಕುಲುಕಿಬಿಟ್ಟ!

ಮಾವನ ಮುಖ ಸುಣ್ಣದ ಹಾಗಾಯಿತು. ಅತ್ತೆ, "ಅವಯ್ಯಂಗೆ ಗೊತ್ತಿಲ್ದೆ ಆಗಿದ್ದು, ಇಲ್ಲ ಅಂದ್ಬುಡು" ಎಂದಳು.

"ವಲ್ಲಿ ಒಳಗೆ ಆದ ಮಾತು ಕಣೆ. ಇಲ್ಲ ಅನ್ನಕಾಯ್ತದಾ?"

ಮಾತು ತಪ್ಪುವಂತಿಲ್ಲ, ಚೆನ್ನನನ್ನು ಬಿಟ್ಟಿರುವಂತಿಲ್ಲ. ಕೊನೆಗೆ ತಾನೇ ಕರೆದೊಯ್ದು ಬಿಟ್ಟುಬರುತ್ತೇನೆಂದ. ಇಂಗ್ಲಿಷ್ ಬಲ್ಲವನು ಎಂಬ ಒಂದೇ ತಪ್ಪಿಗೆ ನನ್ನನ್ನೂ ಹೊರಡಿಸಿದರು. ಹಾಸನದಲ್ಲಿ ರೈಲು ಹತ್ತಿ ಬೊಂಬಾಯಿಗೆ ಹೋಗಿ ಹಡಗು ಹತ್ತಿದೆವು. ನನಗೆ ಮಲಗಲು ಹಲಗೆಯ ಮಂಚ ಕೊಟ್ಟಿದ್ದರು. ಮಾವ ತನ್ನದನ್ನು ಬಿಟ್ಟು ಕೆಳಗಿನ ಅಂತಸ್ತಿನಲ್ಲಿ ಚೆನ್ನನ ಪಕ್ಕದಲ್ಲೇ ಗೋಣಿ ಹಾಸಿಕೊಂಡ.

ಏಡನ್ ದಾಟುವ ಹೊತ್ತಿಗೆ ಅತ್ತೆ ಕಟ್ಟಿಕೊಟ್ಟಿದ್ದ ಹುರಿಹಿಟ್ಟು ಮುಗಿಯಿತು. ಹಡಗಿನ ಊಟ ಮಾವನ ಗಂಟಲಲ್ಲಿ ಇಳಿಯಲಿಲ್ಲ. ಇಳಿದದ್ದೂ ಹೊಟ್ಟೆಯಲ್ಲಿ ನಿಲ್ಲಲಿಲ್ಲ. ಅದು ಅವನಿಗೆ ಚಿಂತೆಯ ವಿಷಯವೇ ಆಗಲಿಲ್ಲ. ಚಿಂತೆಯೆಲ್ಲ ಚೆನ್ನನ ಬಗ್ಗೆ. ಅವನೂ ಮೇವು ಮುಟ್ಟುವುದನ್ನು ಬಿಟ್ಟ. ಹುರುಳಿ ಬೇಯಿಸಿ ಇಟ್ಟರೆ ಮೂಸಿ ಮುಖ ತಿರುಗಿಸಿದ. ಪಕ್ಕೆಯ ಮೂಳೆ ಕಾಣತೊಡಗಿತು. ಹಡಗಿನ ಅಧಿಕಾರಿ ಬಂದು ನೋಡಿ, ಸೈಪ್ರಸ್ ಮುಟ್ಟುವಾಗಲೂ ಹೀಗೇ ಇದ್ದರೆ ರೋಗದ ದನವೆಂದು ಅಲ್ಲಿ ಇಳಿಸಿಕೊಳ್ಳುವುದಿಲ್ಲ, ಕೊಂದು ಸಮುದ್ರಕ್ಕೆ ಹಾಕಬೇಕಾಗುತ್ತದೆ ಎಂದ.

"ಏನಂತೆ?" ಎಂದ ಮಾವ. ಹೇಳಿದೆ. ಅವನು ಚೆನ್ನನ ಕೊರಳ ಕೆಳಗೆ ಜೋಲುವ ಗಂಗೆದೊಗಲನ್ನು ಸವರುತ್ತ ಕೂತ.

ಸೈಪ್ರಸ್‌ಗೆ ಮುಂಚಿನ ಕೊನೆಯ ರೇವು ಅಲೆಕ್ಸಾಂಡ್ರಿಯಾ. ಹಡಗು ಸಂಜೆಯವರೆಗೆ ನಿಲ್ಲುವುದಿತ್ತು. ಪ್ರಯಾಣಿಕರನ್ನು ಕುದುರೆಗಾಡಿಗಳಲ್ಲಿ ಊರಿನ ಮ್ಯೂಸಿಯಂ ತೋರಿಸಲು ಕರೆದೊಯ್ಯುತ್ತಿದ್ದರು. ಹಿಂದಿನ ಕಾಲದ ಜನ ದೇವರೆಂದು ಪೂಜಿಸುತ್ತಿದ್ದ ಹೋರಿಯ ವಿಗ್ರಹ ಅಲ್ಲಿದೆ ಎಂದು ಗೈಡು ಹೇಳುತ್ತಿದ್ದ. ಸುಮ್ಮನಿರಲಾರದೆ ಅದನ್ನು ಮಾವನಿಗೆ ಕನ್ನಡದಲ್ಲಿ ಹೇಳಿದೆ. ಅವನು ತಟ್ಟನೆ ಎದ್ದ.

"ಓರೀನ ದ್ಯಾವ್ರು ಮಾಡ್ಕೊಂಡಿದ್ದ ಜನ ಅಂದ್ಮ್ಯಾಲೆ ಉಣ್ಣದ ಓರಿಗೆ ಮದ್ದು ಗೊತ್ತಿರಾಕಿಲ್ವಾ? ನಡಿ."

"ಮಾವ, ಅದು ಸಾವಿರಾರು ವರ್ಷದ ಹಿಂದಿನ ಮಾತು."

"ದನ ಸಾಕೋದ ಯಾರಾದ್ರೂ ಮರೀತಾರೇನ್ಲಾ?"

ಹೀಗೆ ನಮ್ಮ ಮಾವ ಪ್ರಾಚ್ಯವಸ್ತು ನೋಡಲು ಹೋದ. ಬಾಗಿಲಿನಿಂದಲೇ ರಾಜರ ತಲೆಗಳು, ರಾಣಿಯರ ಒಡವೆಗಳು, ಮಡಕೆ ಕುಡಿಕೆಗಳು ಸಾಲುಗಟ್ಟಿದ್ದವು. ನಾನು ಒಂದೊಂದರ ಮುಂದೆ ನಿಂತು ಚೀಟಿ ಓದುತ್ತಿದ್ದರೆ ಮಾವ ಗಂಡಸರು ಬಳೆ ಅಂಗಡಿ ದಾಟುವ ಹಾಗೆ ಎಲ್ಲವನ್ನೂ ದಾಟಿಕೊಂಡು ಹೋದ. ಹೋರಿ ಕಂಡಾಗಲೇ ನಿಂತಿದ್ದು.

ನಿಜವಾದ ಹೋರಿಯಷ್ಟೇ ದೊಡ್ಡದು. ಕರೀ ಕಲ್ಲು, ಕೊಂಬಿನ ನಡುವೆ ಒಂದು ಬಿಲ್ಲೆ. ಯುರೋಪಿನ ಹೆಂಗಸರು ದೂರ ನಿಂತು ಪಿಸುಗುಡುತ್ತಿದ್ದರು. ಮಾವ ಸೀದಾ ಹೋಗಿ ಬಾಯಿಗೆ ಕೈ ಹಾಕಿದ! ಹಲ್ಲು ಸಿಗಲಿಲ್ಲ. ಬೆನ್ನು ಸವರಿ ಸುಳಿ ಹುಡುಕಿದ. ಗೊರಸು ನೋಡಿದ. ಹಿಂದಕ್ಕೆ ಹೋಗಿ ಬಗ್ಗಿ, ಹೆಂಗಸರು ಮುಖ ತಿರುಗಿಸುವಂತೆ, ನೋಡಬೇಕಾದ್ದನ್ನೆಲ್ಲ ನೋಡಿದ. ಆಮೇಲೆ ತೀರ್ಪು ಕೊಟ್ಟ.

"ಹಿಣಿಲಿಲ್ಲ. ಕೊಂಬು ಗಿಡ್ಡ. ಕಾಲು ಮಾತ್ರ ಚೆಂದಾಗದೆ. ಬಾಗೂರ್ ಸಂತೇಲಿ ಕಾಲಿಗೋಸ್ಕರ ಯಾರಾನ ಕೇಳಿಯಾರು."

ಅಷ್ಟರಲ್ಲಿ ಪಕ್ಕದ ಸ್ಟೂಲಿನ ಮೇಲೆ ಕೋಲು ಹಿಡಿದು ತೂಕಡಿಸುತ್ತಿದ್ದ ಮುದಿ ಕಾವಲುಗಾರ ಗದರಿಸಿಕೊಂಡು ಎದ್ದ. ನಾನು ಎರಡು ಹೆಜ್ಜೆ ಹಿಂದೆ ಸರಿದೆ. ಮಾವ ಮಾತ್ರ ಗಂಭೀರವಾಗಿ ಹೆಗಲ ಮೇಲಿನ ವಲ್ಲಿ ತೆಗೆದು ಕೈಗೆ ಹೊದಿಸಿ ಅವನತ್ತ ಚಾಚಿದ.

"ಏನು ಮಾಡ್ತಿದ್ದೀಯ ಮಾವ?"

"ಮುಟ್ಟಿ ನೋಡಿದ್ಮ್ಯಾಲೆ ಬೆಲೆ ಕೇಳ್ದೆ ಓದ್ರೆ ದನಕ್ಕೆ ಅವಮಾನ ಕಣ್ಲಾ. ಒಡೆಯ ಬ್ಯಾರೆ ಕೋಲ್ ಇಡ್ಕೊಂಡು ಕಾಯ್ತಾವ್ನೆ."

ಸಂತೆಯಲ್ಲಿ ಹೋರಿಯ ಪಕ್ಕ ಕೋಲು ಹಿಡಿದು ಕೂತವನೇ ಅದರ ಒಡೆಯನಲ್ಲವೇ? ಈಗ ಪೊಲೀಸರನ್ನು ಕರೆಯುತ್ತಾನೆ ಎಂದು ನಾನು ಕಾಯುತ್ತಿದ್ದೆ. ಮುದುಕ ವಲ್ಲಿಯನ್ನು ನೋಡಿದ, ಮಾವನನ್ನು ನೋಡಿದ. ಅವನ ಮೀಸೆಯ ಕೆಳಗೆ ಒಂದು ನಗು ಕಾಣಿಸಿಕೊಂಡಿತು. ಮೆಲ್ಲಗೆ ತನ್ನ ಕೈಯನ್ನು ವಲ್ಲಿಯೊಳಗೆ ತೂರಿಸಿದ. ಅರಬ್ಬರಲ್ಲೂ ಹೀಗೆ ವ್ಯಾಪಾರ ಮಾಡುವವರು ಇದ್ದಾರಂತೆ. ನನಗೆ ತಿಳಿದದ್ದು ಎಷ್ಟೋ ವರ್ಷದ ಮೇಲೆ. ವಲ್ಲಿ ಎರಡು ಸಲ ಅಲ್ಲಾಡಿತು. ಮಾವ ತಲೆಯಾಡಿಸಿ ಕೈ ತೆಗೆದ.

"ಎಷ್ಟಂದ ಮಾವ?"

"ವಲ್ಲಿ ಒಳಗಿಂದು ಈಚೆಗೆ ಏಳಬಾರ್ದು."

ಇವತ್ತಿಗೂ ಆ ಬೆಲೆ ಜಗತ್ತಿಗೆ ಗೊತ್ತಾಗಿಲ್ಲ.

ಕೈ ಕೈ ಕೂಡಿದ ಮೇಲೆ ಸಂಕೋಚವೇನು? ಮಾವ ತನ್ನ ಕಷ್ಟ ಹೇಳಿಕೊಂಡ, ಅಭಿನಯಿಸಿ ಹೇಳಿಕೊಂಡ. ಹಣೆಯ ಮೇಲೆ ಎರಡು ಬೆರಳು ಕೊಂಬಾಗಿ ಇಟ್ಟುಕೊಂಡು, ಇಲ್ಲದ ಮೇವನ್ನು ಮೂಸಿ, ಮುಖ ತಿರುಗಿಸಿ, ಪಕ್ಕೆಯ ಮೂಳೆ ಎಣಿಸಿ ತೋರಿಸಿದ. ಕಲ್ಲಿನ ಹೋರಿ ನೋಡಲು ಬಂದ ಜನವೆಲ್ಲ ಮಾವನ ಸುತ್ತ ಸೇರಿ ನಕ್ಕಿತು. ಆದರೆ ಮಾವನ ಕಣ್ಣಲ್ಲಿ ನೀರಿತ್ತು. ಆ ಮುದಿ ಕಾವಲುಗಾರ ಮಾತ್ರ ನಗಲಿಲ್ಲ. ಸ್ಟೂಲಿನ ಮೇಲೆ ಇನ್ನೊಬ್ಬನನ್ನು ಕೂರಿಸಿ ನಮ್ಮನ್ನು ಹಿಂದಿನ ಓಣಿಗೆ ಕರೆದೊಯ್ದ. ಅಲ್ಲಿ ಅವನ ತಮ್ಮನ ಕುದುರೆ ಲಾಯವಿತ್ತು. ಹಸಿ ಸೊಪ್ಪಿನಂಥ ಮೇವಿನ ಹೊರೆ ಕಟ್ಟಿಕೊಟ್ಟ. ಮಾವನ ಬತ್ತಿದ ಕೆನ್ನೆ ನೋಡಿ ನಾಲ್ಕು ರೊಟ್ಟಿಯನ್ನೂ ಬೇಯಿಸಿದ ಕಾಳನ್ನೂ ಬಟ್ಟೆಯಲ್ಲಿ ಸುತ್ತಿ ಕೈಗಿಟ್ಟ.

ಹಡಗಿಗೆ ಬಂದು ಮಾವ ಮೇವು ಹಾಕಿದ. ಚೆನ್ನ ಮೂಸಿದ. ಮುಖ ತಿರುಗಿಸಿದ.

ಮಾವ ಹಾಗೇ ಕುಸಿದು ಕೂತ. "ಮುಗೀತು ಕಣ್ಲಾ" ಎಂದ. ಬಹಳ ಹೊತ್ತಿನ ಮೇಲೆ, "ಅವಯ್ಯ ಪ್ರೀತಿಯಿಂದ ಕೊಟ್ಟವ್ನೆ, ಎಸೀಬಾರ್ದು" ಎಂದು ರೊಟ್ಟಿ ಬಿಚ್ಚಿ ಮುರಿದು ಬಾಯಿಗೆ ಹಾಕಿಕೊಂಡ. ಅಗಿಯುವ ಸದ್ದಿಗೆ ಚೆನ್ನನ ಕಿವಿ ನಿಗುರಿತು. ಮಾವ ಎರಡನೇ ತುತ್ತು ಮುರಿದ. ಚೆನ್ನ ಕತ್ತು ನೀಡಿ, ಮೇವಿಗೆ ಬಾಯಿ ಹಾಕಿ ಒಂದು ದೊಡ್ಡ ಕಂತೆ ಎಳೆದುಕೊಂಡ.

ಇಷ್ಟು ದಿನ ಚೆನ್ನ ಉಣ್ಣದೆ ಇದ್ದದ್ದು ಮಾವ ಉಣ್ಣಲಿಲ್ಲವೆಂದು! ಮೇವಿನ ದೋಷವೂ ಇಲ್ಲ, ರೋಗವೂ ಇಲ್ಲ. ಮಾವ ನಗುತ್ತ, ಅಳುತ್ತ, ನಾಲ್ಕೂ ರೊಟ್ಟಿ ತಿಂದ. ಆಮೇಲೆ ಹಡಗಿನ ಊಟವನ್ನೂ ಕಣ್ಣು ಮುಚ್ಚಿಕೊಂಡು ನುಂಗಿದ. ಸೈಪ್ರಸ್‌ನಲ್ಲಿ ಚೆನ್ನ ತಲೆ ಎತ್ತಿಕೊಂಡೇ ಇಳಿದ.

ಇಳಿಸಿದ ಮೇಲೆ ತಾನೇ ನಿಜವಾದ ಕಷ್ಟ? ದೊರೆಯ ಭಾವಮೈದುನ ಒಳ್ಳೆಯವನು, ಕೊಟ್ಟಿಗೆ ನಮ್ಮ ಮನೆಗಿಂತ ಚೊಕ್ಕಟ. ಮಾವ ಅದನ್ನೆಲ್ಲ ನೋಡಿ, ನನ್ನನ್ನು ಪಕ್ಕಕ್ಕೆ ಕರೆದು, "ನೀ ಊರಿಗೋಗು. ಇವ್ನು ಇನ್ನೊಬ್ರ ಜೊತೆ ಉಣ್ಣಗಂಟ ನಾ ಬರಾಕಿಲ್ಲ ಅಂತ ನಿಮ್ಮತ್ತೆಗೇಳು" ಎಂದ. ಊರಿಗೆ ಬಂದು ಹೇಳಿದೆ. ಅತ್ತೆ, "ಬರ್ಲಿ ಬುಡು, ನಿಧಾನವಾಗಿ" ಎಂದು ಒಳಗೆ ಹೋದಳು.

ಮಾವ ಬಂದದ್ದು ರಾಗಿ ಕಟಾವಿನ ಕಾಲಕ್ಕೆ. ಹಾಸನದ ಸ್ಟೇಷನ್ನಿನಿಂದ ನಾನೇ ಕರೆದುಕೊಂಡು ಹೋದೆ. ಅತ್ತೆ ಬಿಸಿ ಮುದ್ದೆ, ಅವರೆಕಾಳು ಸಾರು ಬಡಿಸಿದಳು. ತಟ್ಟೆ ಎತ್ತಿಕೊಂಡು ಎದ್ದ ಮಾವ ಕೊಟ್ಟಿಗೆಯ ಕಡೆಗೆ ಹಿತ್ತಿಲ ಬಾಗಿಲ ತನಕ ಹೋಗಿ, ಅಲ್ಲೇ ಒಂದು ಗಳಿಗೆ ನಿಂತು, ವಾಪಸು ಬಂದು ಅಡುಗೆಮನೆಯ ನೆಲದ ಮೇಲೆ ಕೂತ.

"ಉಣ್ತಾನಾ ಅಲ್ಲಿ?" ಎಂದಳು ಅತ್ತೆ.

"ಉಣ್ತಾನೆ. ದನಕಾಯೋನನ್ನ ಪಕ್ಕದಾಗೆ ಕೂರಿಸ್ಕೊಂಡು ಉಂಡು ಉಂಡು, ದಿನಾ ಒಸಿ ಒಸಿ ಈಚೆಗೆ ಸರ್ಕೊಂಡೆ. ಕೊನೇ ದಿನ ಬಾಗ್ಲಾಚೆ ನಿಂತಿದ್ದೆ. ಅವ್ನು ರೊಟ್ಟಿ ಮುರ್ದ, ಇವ್ನೂ ಬಾಯಾಕ್ದ. ನನ್ನ ವಾಸ್ನೆ ಬರ್ದೇ ಇರ್ತದಾ? ತಲೆ ಎತ್ಲಿಲ್ಲ."

"ಒಳ್ಳೇದಾಯ್ತಲ್ಲ."

"ಊಂ. ಒಳ್ಳೇದಾಯ್ತು."

ಮುದ್ದೆಯ ಮೇಲಿಟ್ಟ ಕೈ ಹಾಗೇ ನಿಂತಿತ್ತು. ಕಣ್ಣೀರು ಸಾರಿಗೆ ಬೀಳುತ್ತಿತ್ತು, ಒರೆಸಿಕೊಳ್ಳಲೂ ಇಲ್ಲ. ಆ ಕಾಲದಲ್ಲಿ ನಮ್ಮ ಮನೆಗಳಲ್ಲಿ ಗಂಡಸರು ಉಂಡೆದ್ದ ಮೇಲೆ ಹೆಂಗಸರು ಉಣ್ಣುತ್ತಿದ್ದರು. ಅತ್ತೆ ತನಗೊಂದು ತಟ್ಟೆ ತಂದಳು. ಮುದ್ದೆ ಹಾಕಿಕೊಂಡು ಗಂಡನ ಎದುರಿಗೆ ಬಂದು ಕೂತಳು. ಮುರಿದು ಬಾಯಿಗೆ ಹಾಕಿಕೊಂಡಳು. ಮಾವ ತಲೆ ಎತ್ತಿ ಅವಳ ಮುಖ ನೋಡಿದ. ಆಮೇಲೆ ಅವನೂ ಒಂದು ತುತ್ತು ಮುರಿದ.