ಭಾವನ ಕಾರ್ಪೆಟ್, ನಾನು ಮಾರಿದ ಮೆಷಿನ್

ಕಡಿಯಾಳಿಯಲ್ಲಿ ವ್ಯಾಕ್ಯೂಮ್ ಕ್ಲೀನರ್ ಮಾರುವ ನನಗೆ ನಗಲು ಬೇರೆ ಖರ್ಚಿಲ್ಲ. ಗಿರಾಕಿಗಳೇ ಆ ವ್ಯವಸ್ಥೆ ನೋಡಿಕೊಳ್ಳುತ್ತಾರೆ. ಗಿರಾಕಿ ಸ್ವಂತ ಭಾವನಾದರೆ ಮಾತ್ರ ನಗುವ ಮೊದಲು ತಲೆ ಚಚ್ಚಿಕೊಳ್ಳಬೇಕಾಗುತ್ತದೆ.

ಇನ್ನಂಜೆಯ ನಮ್ಮ ಭಾವ ದುಬೈಯಿಂದ ಬರುವಾಗ ಹಾಲ್ ತುಂಬುವಷ್ಟು ದೊಡ್ಡ ಕಾರ್ಪೆಟ್ ತಂದಿದ್ದರು. ಅವರ ಮಗಳಿಗೆ ಕಾರ್ಕಳದ ಹುಡುಗನೊಬ್ಬನ ಮೇಲೆ ಮನಸ್ಸು. ಹುಡುಗನ ತಾಯಿಗೆ ಧೂಳೆಂದರೆ ಆಗದು. "ಮನೆ ಹೇಗುಂಟು ನೋಡಿಯೇ ಮಾತು" ಎಂದು ಹೇಳಿ ಕಳುಹಿಸಿದ್ದರು. ಹುಡುಗಿಗೆ ಊಟ ಸೇರುತ್ತಿರಲಿಲ್ಲ. ಭಾವ ನನ್ನ ಅಂಗಡಿಗೆ ಬಂದು ಮೆಷಿನ್ ಒಯ್ದರು. ಬಳಸುವ ಕ್ರಮ ಹೇಳಹೊರಟರೆ, "ನನಗೆ ಕಲಿಸ್ಲಿಕ್ಕೆ ಬರಬೇಡ ಮಾರಾಯ, ನಾನು ದುಬೈಯಲ್ಲಿ ಇದ್ದವ" ಎಂದರು.

ಮೆಷಿನ್ ಹಾಳಾಗಬಾರದು

ವಾರ ಕಳೆಯುವಷ್ಟರಲ್ಲಿ ಅಕ್ಕನ ಫೋನ್. "ನಿನ್ನ ಮೆಷಿನ್ ಎಂತದೂ ಎಳೆಯುದಿಲ್ಲ."

ಹೋಗಿ ನೋಡಿದೆ. ಅಕ್ಕ ಮೊದಲು ಹಿಡಿಸೂಡಿಯಲ್ಲಿ ಕಾರ್ಪೆಟ್ ಗುಡಿಸಿದಳು. ಆಮೇಲೆ ಒದ್ದೆ ಬಟ್ಟೆಯಲ್ಲಿ ಒರೆಸಿದಳು. ಆಮೇಲೆ ಮೆಷಿನ್ ಹಾಕಿದಳು.

"ಎಂತಕ್ಕೆ ಅಕ್ಕ ಇದೆಲ್ಲ?"

"ಹೊಸ ಮೆಷಿನ್ ಅಲ್ವಾ? ಕಸ ಒಳಗೆ ಹೋದ್ರೆ ಹಾಳಾಗುದಿಲ್ವಾ?"

ಪ್ಲಾಸ್ಟಿಕ್

ಮರುವಾರ ಭಾವನದೇ ದೂರು. ಈ ಸಲ ಅವರು ಕಾರ್ಪೆಟ್ ಮೇಲೆ ದಪ್ಪ ಪ್ಲಾಸ್ಟಿಕ್ ಶೀಟ್ ಹಾಸಿ, ಅದರ ಮೇಲೆ ಮೆಷಿನ್ ಓಡಿಸುತ್ತಿದ್ದರು. ಅಂಚು ಎತ್ತಿದೆ. ಕೆಳಗೆ ಕಾಪು ಬೀಚಿನ ಮರಳು ಹಾಯಾಗಿ ಮಲಗಿತ್ತು.

"ಭಾವ, ಪ್ಲಾಸ್ಟಿಕ್ ತೆಗೆಯಿರಿ. ಉದ್ದಕ್ಕೊಮ್ಮೆ, ಅಡ್ಡಕ್ಕೊಮ್ಮೆ ನಿಧಾನವಾಗಿ ಎಳೆಯಬೇಕು. ಕಾರ್ಪೆಟ್ ಮಗುಚಿ ಹಿಂಬದಿಗೂ ಹಿಡಿಯಬೇಕು."

ಹುಡುಗಿ ಒಬ್ಬಳೇ ಪಕ್ಕದಲ್ಲಿ ಕುಳಿತು ಕೇಳಿಸಿಕೊಂಡಳು. ಭಾವ ನನ್ನನ್ನು ದಡ್ಡನ ಹಾಗೆ ನೋಡಿದರು. "ಪ್ಲಾಸ್ಟಿಕ್ ತೆಗೆದ್ರೆ ಕಾರ್ಪೆಟಿಗೆ ಧೂಳು ಕೂರುದಿಲ್ವಾ?"

ಆ ಭಾನುವಾರ

ಹುಡುಗನ ಕಡೆಯವರು ಬಂದರು, ನಾನೂ ಹೋಗಿದ್ದೆ. ಪ್ಲಾಸ್ಟಿಕ್ ಅಂತೂ ತೆಗೆದಿದ್ದರು. ಆದರೆ ಮೆಷಿನ್ ಹಾಲ್‌ನ ನಡುವೆ ಮದುಮಗನಂತೆ ಕುಳಿತಿತ್ತು. ಹೊಸ ಕಾರಿಗೆ ಮಾಡುವ ಪೂಜೆಯೆಲ್ಲ ಅದಕ್ಕೆ ಆಗಿತ್ತು: ಮಲ್ಲಿಗೆ ಮಾಲೆ, ನಿಂಬೆಹಣ್ಣು, ಮೈತುಂಬ ಅರಸಿನ ಕುಂಕುಮ. ಗಾಳಿ ಹೊರಗೆ ಬರುವ ಹಿಂದಿನ ತೂತಿಗೂ ಭಾವ ಭಕ್ತಿಯಿಂದ ಮುಷ್ಟಿ ಕುಂಕುಮ ಸುರಿದಿದ್ದರು. ಆ ತೂತಿನ ಎದುರಿಗೇ ಹುಡುಗನ ತಾಯಿ ಕುಳಿತಿದ್ದರು.

"ನಮ್ಮ ಮನೆಯಲ್ಲಿ ಧೂಳು ಅಂತ ಇಲ್ಲವೇ ಇಲ್ಲ, ನೋಡಿ" ಎನ್ನುತ್ತ ಭಾವ ಸ್ವಿಚ್ ಒತ್ತಿದರು.

ಆಯಮ್ಮ ಕೂದಲಿನಿಂದ ಸೀರೆ ಅಂಚಿನವರೆಗೂ ಕೆಂಪಾದರು. ಸೀನು ನಿಲ್ಲಲೇ ಇಲ್ಲ. ಅಕ್ಕ ಅಳಲು ಶುರು ಮಾಡಿದಳು. ನನಗೆ ಭಾವನ ಕುತ್ತಿಗೆ ಹಿಸುಕುವಷ್ಟು ಸಿಟ್ಟು ಬಂತು. ಭಾವ ಆರಿಸಲು ಇನ್ನೂ ಸ್ವಿಚ್ ಹುಡುಕುತ್ತಿದ್ದರು.

ಹುಡುಗಿ ಎದ್ದು ಪ್ಲಗ್ ಕಿತ್ತಳು. ಹಿಂದಿನ ತೂತು ಒರೆಸಿ, ಮೆಷಿನನ್ನು ಬಾಗಿಲಾಚೆ ಇಟ್ಟು, ಮತ್ತೆ ಪ್ಲಗ್ ಹಾಕಿ, ಪೈಪ್ ಮಾತ್ರ ಒಳಗೆ ತಂದು ಅತ್ತೆಯಾಗಬೇಕಾದವರ ಸೆರಗು, ಆಮೇಲೆ ಕಾರ್ಪೆಟ್, ನಿಧಾನವಾಗಿ ಶುಚಿ ಮಾಡಿದಳು.

ಆಯಮ್ಮ ಮೂಗು ಒರೆಸಿಕೊಂಡು ಭಾವನನ್ನು ಮೇಲಿಂದ ಕೆಳಗೆ ನೋಡಿದರು. "ಈ ಮನೆಯಲ್ಲಿ ಬುದ್ಧಿ ಇರುವುದು ಇವಳೊಬ್ಬಳಿಗೆ. ಇಲ್ಲೇ ಬಿಟ್ಟರೆ ಅದೂ ಹೋಗ್ತದೆ. ನಾವು ಕರ್ಕೊಂಡು ಹೋಗ್ತೇವೆ."

ಹುಡುಗಿ ಪೈಪ್ ಹಿಡಿದುಕೊಂಡೇ ನಕ್ಕಳು. ಭಾವ ನನ್ನ ಕಿವಿಯ ಹತ್ತಿರ ಬಂದು ಹೆಮ್ಮೆಯಿಂದ ಪಿಸುಗುಟ್ಟಿದರು: "ನೋಡಿದೆಯಾ ಮಾರಾಯ, ಪೂಜೆ ಮಾಡಿದ್ದು ಹೇಗೆ ಕೆಲಸ ಮಾಡಿತು?"