ಕೆಂಪು ಸಿಲಿಂಡರಿನ ಮಾಸ್ತರ

ನಮ್ಮ ಸೋದರಮಾವನನ್ನು ಊಟಕ್ಕೆ ಕರೆದವರು ಎರಡನೆಯ ಸಲ ಕರೆದದ್ದನ್ನು ನಾನಂತೂ ಕಂಡಿಲ್ಲ! ಅಗ್ನಿಶಾಮಕ ದಳದಿಂದ ನಿವೃತ್ತರಾದರೂ ಅವರ ಕಣ್ಣು ಎಲೆಗಿಂತ ಮೊದಲು ಒಲೆಯ ಮೇಲೆ ಬೀಳುತ್ತದೆ. ಭಾಲ್ಕಿಯ ಮದುವೆಯೊಂದರಲ್ಲಿ ಅಕ್ಷತೆ ಬೀಳುವ ಹೊತ್ತಿಗೆ ಇವರೆಲ್ಲಿದ್ದರು? ಅಡುಗೆಯವರ ಹತ್ತಿರ, ಒಲೆಗೆ ತಾಗಿದ್ದ ಶಾಮಿಯಾನದ ಅಂಚನ್ನು ಎತ್ತಿ ಕಟ್ಟುತ್ತಿದ್ದರು. ಮದುಮಗ ಹೇಗಿದ್ದಾನೆಂದು ಅತ್ತೆ ಕೇಳಿದರೆ, "ಅವನ್ನ ಯಾರ ನೋಡ್ಯಾರ? ಗ್ಯಾಸಿನ ಪೈಪ್ ಮಾತ್ರ ಭಾಳ ಹಳೇದದ!" ಎಂದರು.

ಈಗ ಅವರದು ಬಿಟ್ಟಿ ಪಾಠಶಾಲೆ. ಹೋಟೆಲು, ಖಾನಾವಳಿ ಕಂಡಲ್ಲೆಲ್ಲ ನುಗ್ಗಿ, ಬೆಂಕಿ ನಂದಿಸುವ ಕೆಂಪು ಸಿಲಿಂಡರ್ ಬಳಸುವುದನ್ನು ಕಲಿಸುತ್ತಾರೆ. "ಪಿನ್ ಜಗ್ಗು, ಬೆಂಕಿ ಬುಡಕ್ಕ ಹಿಡಿ, ಹಿಡಿಕಿ ಒತ್ತು, ಆಕಡಿ ಈಕಡಿ ಆಡಸು!" ಔರಾದಿನಲ್ಲಿ ದೋಸೆ ಹಾಕುವವನು ಕಣ್ಣು ಮುಚ್ಚಿಕೊಂಡು ಒತ್ತಿಬಿಟ್ಟ. ಬಿಳಿ ಪುಡಿಯೆಲ್ಲ ಗಲ್ಲಾಪೆಟ್ಟಿಗೆಯ ಮುಂದೆ ಕೂತಿದ್ದ ಮಾಲೀಕರಿಗೆ! ಅವರು ಮೀಸೆ ಕೊಡವಿಕೊಂಡು, "ಸಾಹೇಬ್ರ, ಇಷ್ಟು ವಿಭೂತಿ ನಮ್ಮಜ್ಜನೂ ಹಚ್ಚಿದ್ದಿಲ್ರಿ" ಎಂದರು.

ಮಾವನ ಅಚ್ಚುಮೆಚ್ಚಿನ ಶಿಷ್ಯೆಯೆಂದರೆ ಬೀದರಿನ ಗಾಂಧಿ ಗಂಜ್ ಮಾರುಕಟ್ಟೆಯಲ್ಲಿ ಖಾನಾವಳಿ ಇಟ್ಟು ಹಮಾಲರಿಗೆ ರೊಟ್ಟಿ ಬಡಿಯುವ ಕಾಶಮ್ಮ. ಐವತ್ತು ದಾಟಿದ ಆಕೆ ರೊಟ್ಟಿ ಬಡಿಯುತ್ತಲೇ ಪಾಠ ಒಪ್ಪಿಸುತ್ತಿದ್ದಳು. ಆದರೆ ಮಹಾನವಮಿಗೆ ಸಿಲಿಂಡರಿಗೂ ಪೂಜೆ ಮಾಡಿ, ಪಿನ್ನಿನ ಮೇಲೆ ಏಳು ಸುತ್ತು ಅರಿಶಿನ ದಾರ ಬಿಗಿದಿದ್ದಾಳೆಂದು ನಮಗೆ ಹೇಗೆ ಗೊತ್ತಾಗಬೇಕು?

ಹಬ್ಬ ಕಳೆದ ಮೂರನೆಯ ದಿನ ನಾವಿಬ್ಬರೂ ಅಲ್ಲಿಗೆ ಊಟಕ್ಕೆ ಹೊರಟಿದ್ದೆವು. ರಸ್ತೆಯಾಚೆ ಇದ್ದಾಗಲೇ ಖಾನಾವಳಿಯ ಒಲೆ ಪಕ್ಕದ ಖಾಲಿ ಗೋಣಿಚೀಲಗಳಿಗೆ ಬೆಂಕಿ ಹತ್ತಿತು. ನಡುವೆ ತೊಗರಿಯ ಲಾರಿಯೊಂದು ಹಿಂದಕ್ಕೆ ಬರುತ್ತಿತ್ತು. ಮಾವ ಅದನ್ನು ಸುತ್ತಿ ಓಡಿದರು. ನಾನು ನಿಂತಲ್ಲಿಂದ ಕಂಡಷ್ಟನ್ನೇ ಬರೆಯುತ್ತೇನೆ. ಕಾಶಮ್ಮ ಗ್ಯಾಸ್ ಬಂದ್ ಮಾಡಿದಳು. ಪಿನ್ ಜಗ್ಗಿದಳು, ಬರಲಿಲ್ಲ. ದಾರಕ್ಕೆ ಹಲ್ಲು ಹಾಕಿದಳು. ಜ್ವಾಲೆ ಆಕೆಯ ಸೊಂಟದೆತ್ತರ ಬಂತು. ಹಿಂದೆ ಎರಡೇ ಹೆಜ್ಜೆಗೆ ಬಾಗಿಲು ತೆರೆದಿತ್ತು. ಆಕೆ ಕದಲಲಿಲ್ಲ. ಕಡೆಗೆ ದಾರ ಹರಿಯಿತು. ಬುಡಕ್ಕೆ ಹಿಡಿದು, ಒತ್ತಿ, ಆಚೀಚೆ ಆಡಿಸಿದಳು. ಬೆಂಕಿ ಆರಿತು.

ಮಾವ ಏದುಸಿರು ಬಿಡುತ್ತ ಒಳಹೊಕ್ಕಾಗ ಕಾಶಮ್ಮ ನಗುತ್ತಿದ್ದಳು. "ಪಾಸಾದ್ನೇನ್ರಿ ಸಾಹೇಬ್ರ?"

"ಪಿನ್ ಬರಲಿಲ್ಲಂದ್ರ ಹೊರಗ ಓಡಿ ಬರಬಾರದೇನ ನಮ್ಮವ್ವಾ?"

"ಓಡೋದು ನೀವೆಲ್ಲಿ ಕಲಿಸೀರಿ!"

ಅಷ್ಟರಲ್ಲಿ ಬಾಗಿಲಿಗೆ ಬಂದು ಸೇರಿದ್ದ ಹಮಾಲರೆಲ್ಲ ನಕ್ಕರು, ಅವರ ಹಿಂದೆ ಬಂದ ನಾನೂ ನಕ್ಕೆ. ಮಾವ ನಗಲಿಲ್ಲ. ಆಕೆಯ ಕೈ ಹಿಡಿದು, ಒಂದೊಂದೇ ಬೆರಳು ತಿರುಗಿಸಿ ನೋಡಿದರು. ಹತ್ತೂ ನೋಡಿದ ಮೇಲೆ, "ತಪ್ಪು ನಂದವ್ವಾ. ಮೊದಲನೇ ಪಾಠ ಅದೇ ಇರಬೇಕಿತ್ತು. ನಡಿ, ಈಗ ಓಡಿ ತೋರಸು" ಎಂದರು.

ಕಾಶಮ್ಮ ಸೆರಗು ಸಿಕ್ಕಿಸಿ, ಕಿಲಕಿಲ ನಗುತ್ತ ರಸ್ತೆಗೆ ಓಡಿದಳು. ಮಾವ ನಡುರಸ್ತೆಯಲ್ಲಿ ಎರಡೂ ಕೈ ಚಾಚಿ ಲಾರಿಗಳನ್ನು ತಡೆದು ನಿಂತಿದ್ದರು.