ತಬಲಾ ಮಾತ್ರ ಉಳಿದ ಸ್ಪೀಕರ್

ಮದುವೆಯಾದ ಈ ಮೂವತ್ತೊಂದು ವರ್ಷಗಳಲ್ಲಿ ನಾನು ಕೇಳಿಸಿಕೊಂಡಷ್ಟು ಮಾತನ್ನು ಹೊಳೆನರಸೀಪುರದ ಬಸ್‌ಸ್ಟ್ಯಾಂಡಿನ ಕಂಬಗಳೂ ಕೇಳಿರಲಾರವು. ನಮ್ಮ ಯಜಮಾನರು ಚಂದ್ರಶೇಖರಯ್ಯನವರು ನಿವೃತ್ತ ಬಸ್ ಕಂಡಕ್ಟರ್. ನೌಕರಿ ನಿಂತಿತು, ದನಿ ನಿಲ್ಲಲಿಲ್ಲ. ಐವತ್ತು ಜನ ಹಂಚಿಕೊಂಡು ಕೇಳುತ್ತಿದ್ದದ್ದು ಈಗ ನನ್ನೊಬ್ಬಳ ಪಾಲಿಗೆ ಬಂದಿದೆ.

ನನ್ನದೆಂದು ಇದ್ದದ್ದು ಬೆಳಗಿನ ಅರ್ಧ ಗಂಟೆ. ಮಗಳು ಪ್ರತಿಭಾ ಮದುವೆಯಾಗಿ ಚನ್ನರಾಯಪಟ್ಟಣಕ್ಕೆ ಹೋಗುವಾಗ ತನ್ನ ಹಳೆಯ ಕಂಪ್ಯೂಟರ್ ಬಿಟ್ಟುಹೋಗಿದ್ದಳು. ತಡಕಾಡಿ ನಾನೇ ಕಲಿತೆ. ಲಿಂಗಪೂಜೆಗೆ ಕೂತಾಗ ಅದರಲ್ಲಿ ವಚನ ಹಾಕಿಕೊಳ್ಳುತ್ತಿದ್ದೆ. ಒಬ್ಬಾಕೆ ಮೆಲ್ಲನೆ, ಯಾರನ್ನೂ ಗದರದೆ ಹಾಡುತ್ತಿದ್ದಳು. (ಮನೆಯಲ್ಲಿ ಅಂಥ ದನಿ ಅದೊಂದೇ.)

ವಿಜಯದಶಮಿಯ ಬೆಳಿಗ್ಗೆ ಹಾಕಿದರೆ ಸ್ಪೀಕರಿನಲ್ಲಿ ತಬಲಾ ಇದೆ, ಹಾರ್ಮೋನಿಯಂ ಇದೆ, ಆಕೆ ಮಾತ್ರ ನಾಪತ್ತೆ!

ಯಜಮಾನರು ಬಂದು ಬಸ್ಸಿನ ಬಾಗಿಲು ಬಡಿಯುವಂತೆ ಸ್ಪೀಕರಿಗೆ ಎರಡು ಬಡಿದರು.

"ಚೆನ್ನಾಗೇ ಐತಲ್ಲೇ! ತಬಲಾ ಕೇಳ್ತಿಲ್ವಾ ನಿಂಗೆ?"

"ಹಾಡೋರು ಎಲ್ರೀ? ಸ್ಪೀಕರ್ ಕೆಟ್ಟೋಗೈತೆ. ಹೊಸದು ತನ್ನಿ."

"ಹಾಡೋಕೇನು, ನಾನಿಲ್ವಾ?"

ತಮಾಷೆ ಎಂದುಕೊಂಡೆ. ಮರುದಿನ ಪಂಚೆ ಉಟ್ಟು, ವಚನದ ಪುಸ್ತಕ ಹಿಡಿದು ನನ್ನ ಪಕ್ಕದಲ್ಲೇ ಆಸೀನರಾದರು. ಆಕೆ ಬಿಟ್ಟುಹೋದ ಖಾಲಿ ಜಾಗಕ್ಕೆ ಅವರ ಗಾನ ನುಗ್ಗಿತು. ಶಿವಶರಣರೆಲ್ಲ ಬಸ್ಸಿನ ಬಾಗಿಲಲ್ಲಿ ನೇತಾಡುತ್ತಿದ್ದಾರೆ, ಇವರು ಒಳಕ್ಕೆ ನೂಕುತ್ತಿದ್ದಾರೆ ಎನಿಸುತ್ತಿತ್ತು. ಅಂಗೈಯಲ್ಲಿ ಲಿಂಗ ಹಿಡಿದು ಒಂಬತ್ತು ದಿನ ತಾಳಿದೆ. ಮನಸ್ಸು ದೇವರ ಮೇಲೆ ನಿಲ್ಲಲಿಲ್ಲ, ಕೊಲೆಯ ಮೇಲೆ ನಿಂತಿತು. (ಶಿವಾ, ತಪ್ಪಾಯಿತು.)

ಹತ್ತನೆಯ ದಿನ ಅವರು ಜಗುಲಿಯಲ್ಲಿ ಪೇಪರ್ ಹಿಡಿದದ್ದು ನೋಡಿ, ರಿಪೇರಿ ಅಂಗಡಿಯ ಸಿದ್ದೇಶ್ವರನನ್ನು ಹಿತ್ತಿಲ ಬಾಗಿಲಿಂದ ಕರೆಸಿದೆ.

"ರಿಪೇರಿ ಗಿಪೇರಿ ಬ್ಯಾಡ ಕಣಪ್ಪ. ಸತ್ತೋಗೈತೆ ಅಂದ್ಬುಡು. ಹೊಸದು ತಂದಾಕು."

ಅವನು ಸ್ಪೀಕರಿನ ಪಿನ್ನು ಕಿತ್ತು, ಒರೆಸಿ, ತನ್ನ ಮೊಬೈಲಿಗೆ ಚುಚ್ಚಿದ. ಯಾವುದೋ ಹಾಡು, ಹಾಡುವವರ ದನಿಯ ಸಮೇತ, ಸಾಂಗವಾಗಿ ಕೇಳಿಸಿತು.

"ಸ್ಪೀಕರ್ ಗುಂಡುಕಲ್ಲಂಗೆ ಐತೆ ಕಣಕ್ಕ. ಕಂಪ್ಯೂಟರ್ ತೂತಲ್ಲೇ ಏನೋ ಕೂತೈತೆ," ಎಂದು ಟಾರ್ಚ್ ಬಿಟ್ಟು ಸೂಜಿಯಲ್ಲಿ ಕೆದಕಿದ. ಬಿಳಿಯ ಪುಡಿ ಉದುರಿತು.

ಹಾಡು ಕೇಳಿ ಯಜಮಾನರು ಒಳಗೆ ಬಂದಿದ್ದರು. "ಏನ್ಲಾ ಅದು, ಸುಣ್ಣವಾ?"

"ವಿಭೂತಿ ಸಾ! ಯಾರೋ ಪಿನ್ನಿಗೂ ಬಳಿದವ್ರೆ. ಅದು ಒಣಗಿ ಗಟ್ಟಿಯಾಗಿ, ಪಿನ್ನು ಅರ್ಧಕ್ಕೇ ನಿಂತದೆ."

ಯಾರೋ ಏನು, ನಾನೇ. ಆಯುಧಪೂಜೆಯ ದಿನ ಮಿಕ್ಸಿ, ಫ್ರಿಜ್ಜು, ಸ್ಕೂಟರಿಗೆಲ್ಲ ಮೂರು ಬೆರಳು ಎಳೆದವಳಿಗೆ, ಒಳಗೆ ಅಡಗಿ ದುಡಿಯುವ ಪಿನ್ನು ಪೂಜೆಯಿಲ್ಲದೆ ಉಳಿಯಬಾರದೆನಿಸಿತ್ತು. ಎಳೆದು, ಒದ್ದೆ ವಿಭೂತಿ ಬಳಿದು, ಭಕ್ತಿಯಿಂದ ಮತ್ತೆ ಸಿಕ್ಕಿಸಿದ್ದೆ.

ಇನ್ನು ಒಂದು ವಾರದ ಪ್ರವಚನ ಖಂಡಿತ ಎಂದು ತಲೆ ತಗ್ಗಿಸಿ ನಿಂತೆ. ಯಜಮಾನರು ಬೈಯಲಿಲ್ಲ. ಬಲು ಮೆಲ್ಲಗೆ ಕೇಳಿದರು:

"ಅಂಗಾದ್ರೆ ಸಿದ್ದೇಶ, ಪಿನ್ನು ಅರ್ಧ ಎಳದ್ರೆ?"

"ಕೆಲವು ಹಾಡಲ್ಲಿ ಹಾಡೋರ ದನಿ ಅಳಿಸೋಗಿ ವಾದ್ಯ ಉಳೀತದೆ ಸಾ."

"ನಮಗೆ ಬೇಕಂದಾಗ?"

"ಬೇಕಂದಾಗ."

ನಮ್ಮ ಮದುವೆಯ ದಿನವೂ ಆ ಮುಖದಲ್ಲಿ ಅಂಥ ಬೆಳಕು ಕಂಡಿರಲಿಲ್ಲ.

ಈಗ ದಿನಾ ಬೆಳಿಗ್ಗೆ ನಾನು ಪೂಜೆಗೆ ಕೂರುವ ಮುಂಚೆಯೇ ಪಿನ್ನು ಅರ್ಧ ಹೊರಗಿರುತ್ತದೆ. ಮಠದ ಕಾರ್ಯಕ್ರಮದಲ್ಲಿ ಹಾಡಲು ಒಪ್ಪಿಕೊಂಡಿದ್ದಾರಂತೆ. ಅಭ್ಯಾಸಕ್ಕೆ ಅರ್ಧ ಗಂಟೆ ಸಾಲದಂತೆ, ಒಂದು ಗಂಟೆ ಬೇಕಂತೆ. ಹೊಸ ಸ್ಪೀಕರ್ ಕೇಳಲು ನನಗೆ ನೆಪವೂ ಉಳಿದಿಲ್ಲ. ಇದು ಇನ್ನೂ ಹತ್ತು ವರ್ಷ ಬಾಳಿಕೆ ಬರುತ್ತದೆಂದು ಸಿದ್ದೇಶ್ವರ ಅಭಯ ಕೊಟ್ಟು ಹೋಗಿದ್ದಾನೆ.